ಕೊನೆಯ ಪುಟದ ನೀಲಿ ಗೀಟು

ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಿ, ಕೊಲೆಗಾರ ಯಾರೆಂಬುದನ್ನು ಖಚಿತಪಡಿಸಿಕೊಂಡು, ಅನಂತರವೇ ಮೊದಲ ಪುಟಕ್ಕೆ ಬರುತ್ತಿದ್ದ ಒಬ್ಬ ಓದುಗರನ್ನು ನಾನು ಮೂವತ್ತೊಂಬತ್ತು ವರ್ಷ, ನಾಲ್ಕು ತಿಂಗಳು, ಐದು ದಿನ ಬಲ್ಲವನಾಗಿದ್ದೆ. ಅವರು ಅರಸೀಕೆರೆಯ ಕೊಬ್ಬರಿ ವರ್ತಕರಾದ ಗಂಗಾಧರಪ್ಪನವರು. ಹೊಸ ಪುಸ್ತಕ ಕೈಗೆ ಬಂದೊಡನೆ ಅದನ್ನು ಬಲಗಿವಿಯ ಬಳಿ ಹಿಡಿದು, ಅಟ್ಟದ ಮೇಲೆ ವರ್ಷಕಾಲ ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡಿದೆಯೇ ಎಂದು ಆಲಿಸುವ ರೀತಿಯಲ್ಲೇ ಎರಡು ಸಲ ಅಲ್ಲಾಡಿಸುವರು. ಬಳಿಕ ಕೊನೆಯ ಪುಟವನ್ನು ತೆರೆದು, ತುಟಿಯಾಡಿಸುತ್ತ ನಿಧಾನವಾಗಿ ಓದಿ, ಚೀಲಗಳ ಮೇಲೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ಪುಟದ ಅಡಿಯಲ್ಲೊಂದು ಸಣ್ಣ ಗೀಟು ಎಳೆಯುವರು. ಆ ಗೀಟು ಬಿದ್ದ ಮೇಲೆ ಅವರ ಮುಖದಲ್ಲಿ ಒಂದು ಶಾಂತಿ ನೆಲೆಸುತ್ತಿತ್ತು. ಕನ್ನಡಕ ಒರೆಸಿಕೊಂಡು ಮೊದಲ ಅಧ್ಯಾಯಕ್ಕೆ ಕೂರುತ್ತಿದ್ದುದು ಆಮೇಲೆ.

ಪ್ರಶ್ನೆಪತ್ರಿಕೆಗೆ ಮುನ್ನ ಉತ್ತರವನ್ನು ನೋಡಿದ ವಿದ್ಯಾರ್ಥಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಶಾಲೆಯಲ್ಲಿ ಕಲಿತು, ಅಂಥದೇ ಶಾಲೆಯಲ್ಲಿ ಕಲಿಸಿದವನು ನಾನು. ಇದು ನನಗೆ ಸಹ್ಯವಾಗಲಿಲ್ಲ. ಆಕ್ಷೇಪಿಸಿದಾಗಲೆಲ್ಲ ಅವರ ಉತ್ತರ, ಅವರ ಎಲ್ಲ ಮಾತುಗಳಂತೆಯೇ, ಒಂದೇ ಪೀಠಿಕೆಯಿಂದ ಹೊರಡುತ್ತಿತ್ತು:

"ಅದು ಹಂಗಿರ್ಲಿ ಮೇಷ್ಟ್ರೇ. ಒಳಗೇನೈತೆ ಅಂತ ಕೇಳ್ಕೊಂಡೇ ಕಾಯಿ ಒಡೆಯೋ ಕಸುಬು ನಮ್ದು."

ಅವರ ಕೋಟಿನ ವಿಷಯವನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ಕಾಫಿಬಣ್ಣದ, ಮುಚ್ಚುಕೊರಳಿನ ಆ ಕೋಟನ್ನು 1984ರಲ್ಲಿ ತಂಗಿಯ ಮದುವೆಗೆಂದು ಹೊಲಿಸಿದ್ದರು. ಅದರ ಎಡಜೇಬನ್ನು ಅವರ ಪತ್ನಿ ದ್ರಾಕ್ಷಾಯಣಮ್ಮನವರು ಬಿಚ್ಚಿ, ಒಂದು ಕಾದಂಬರಿ ಹಿಡಿಸುವಷ್ಟು ಹಿಗ್ಗಿಸಿ ಮರಳಿ ಹೊಲಿದುಕೊಟ್ಟಿದ್ದರು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿಯೂ ಕೋಟು ಮೈಮೇಲಿರುತ್ತಿತ್ತು, ಕೋಟಿನಲ್ಲಿ ಕಾದಂಬರಿಯಿರುತ್ತಿತ್ತು; ಹೀಗಾಗಿ ಎಡಭುಜ ಕ್ರಮೇಣ ಕೆಳಗಿಳಿದು, ಒಂದೇ ತಟ್ಟೆಗೆ ತೂಕವಿಟ್ಟ ತಕ್ಕಡಿಯಂತೆ ವಾಲಿಕೊಂಡು ಅವರು ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನಡೆದುಬರುವುದನ್ನು ಬಹುದೂರದಿಂದಲೇ ಗುರುತಿಸಬಹುದಾಗಿತ್ತು.

ನಮ್ಮ ಓದುಗರ ಕೂಟ ಆರಂಭವಾದದ್ದು ಭಾನುವಾರ, 1986ನೆಯ ಇಸವಿ ಜೂನ್ ಒಂದರಂದು, ಅವರ ಕೊಬ್ಬರಿ ಮಂಡಿಯ ಹಿಂಬದಿಯ ಉಗ್ರಾಣದಲ್ಲಿ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಸಂಜೆ ನಾಲ್ಕಕ್ಕೆ, ಕೊಬ್ಬರಿಯ ಎಣ್ಣೆಗಂಪಿನ ನಡುವೆ, ಗೋಣಿಚೀಲಗಳನ್ನೇ ಆಸನ ಮಾಡಿಕೊಂಡು ಸೇರುತ್ತಿದ್ದೆವು. ಒಂದೇ ಪ್ರತಿ ಕೈಯಿಂದ ಕೈಗೆ ದಾಟುತ್ತಿತ್ತು. ಓದಿದವರು ಕೆಂಪು ಬಟ್ಟೆಯ ಬೆನ್ನಿನ 'ಅಭಿಪ್ರಾಯ ಪುಸ್ತಕ'ದಲ್ಲಿ ತಮ್ಮ ಅನಿಸಿಕೆಯನ್ನು ದಿನಾಂಕಸಹಿತ ಬರೆದು ರುಜು ಹಾಕಬೇಕು. ಮುಂದೆ ಓದುವವರ ಸುಖ ಕೆಡದಂತೆ ಕೊಲೆಗಾರನ ಹೆಸರನ್ನಾಗಲಿ, ಅದರ ಸುಳಿವನ್ನಾಗಲಿ ಬರೆಯಕೂಡದು. ಈ ನಿಯಮವನ್ನು ರಚಿಸಿದವನು ನಾನೇ.

ಆ ಪುಸ್ತಕವನ್ನು ಈಗ ತೆರೆದರೆ ಒಂದು ಕಾಲವೇ ಎದ್ದು ಬರುತ್ತದೆ. ಹುಲಿಕೆರೆಯ ರಾಗಿ ಬೆಳೆಗಾರ ಚಿಕ್ಕಬೀರಯ್ಯ ಒಂದು ಕಡೆ ಬರೆದಿದ್ದಾನೆ: "ಕಟಾವಿನ ಕಾಲದಲ್ಲಿ ಇಷ್ಟು ಪುರುಸೊತ್ತಾಗಿ ಕೊಲೆ ಮಾಡುವ ರೈತನನ್ನು ನಾನು ನೋಡಿಲ್ಲ." ದ್ರಾಕ್ಷಾಯಣಮ್ಮನವರ ಶರಾ: "ಕೊಲೆಯಾಗಿ ಮೂರು ದಿನವಾದರೂ ಆ ಮನೆಯಲ್ಲಿ ಯಾರೂ ಒಲೆ ಹಚ್ಚಿಲ್ಲ. ಪತ್ತೇದಾರನಿಗೆ ನಾಲ್ಕು ಸಲ ಕಾಫಿ ಎಲ್ಲಿಂದ ಬಂತು? ಮೊದಲು ಅದನ್ನು ಪತ್ತೆ ಮಾಡಬೇಕಿತ್ತು." ನನ್ನದು, ನಿರೀಕ್ಷಿಸಬಹುದಾದಂತೆ, ಅರುವತ್ತೊಂದನೆಯ ಪುಟದ ಶುಕ್ರವಾರವು ಅರುವತ್ತನಾಲ್ಕನೆಯ ಪುಟದ ಲೆಕ್ಕಕ್ಕೆ ಗುರುವಾರವಾಗಬೇಕೆಂಬ ತಗಾದೆ. ಗಂಗಾಧರಪ್ಪನವರ ಅಭಿಪ್ರಾಯಗಳ ಜಾತಿಯೇ ಬೇರೆ. "ಒಬ್ಬರ ಕೈ ನಡುಗಬೇಕಾದ ಕಡೆ ನಡುಗಿಲ್ಲ, ಬರೆದವರು ಅವರ ಸಂಕಟವನ್ನು ಯೋಚಿಸಿಲ್ಲ" ಎಂದು ಬರೆಯುವರು. ಯಾರ ಕೈ ಎಂಬುದು ಪುಸ್ತಕ ಮುಗಿಸಿದವರಿಗೆ ಮಾತ್ರ ಹೊಳೆಯುತ್ತಿತ್ತು. ಎಲ್ಲರಿಗಿಂತ ಮೊದಲು ರಹಸ್ಯವನ್ನರಿತವರು ಎಲ್ಲರಿಗಿಂತ ಭದ್ರವಾಗಿ ಅದನ್ನು ಕಾಯುತ್ತಿದ್ದರು.

ಒಮ್ಮೆ ಅರ್ಧ ಪುಸ್ತಕಕ್ಕೇ ತಾಳ್ಮೆಗೆಟ್ಟ ಚಿಕ್ಕಬೀರಯ್ಯ ಮಂಡಿಗೆ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಆ ಡಾಕ್ಟ್ರೇ ತಾನೇ ಕೊಂದಿರೋದು? ಬಾಯ್ಬಿಡೋದು ಬ್ಯಾಡ ಗಂಗಾಧರಪ್ಪೋರೇ, ಬರೀ ತಲೆ ಆಡ್ಸಿ ಸಾಕು."

ಗಂಗಾಧರಪ್ಪನವರು ಎರಡೂ ಕೈಗಳಿಂದ ತಮ್ಮ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತುಬಿಟ್ಟರು. "ಹಿಡ್ಕೊಂಡಿದೀನಿ ಕಣಯ್ಯ. ವಯಸ್ಸಾದ ತಲೆ, ತಾನಾಗೇ ಅಲ್ಲಾಡಿಬಿಟ್ರೆ ಕಷ್ಟ."

"ಇವ್ರ ಹೊಟ್ಟೇಲಿ ಮುನ್ನೂರು ಕೊಲೆ ಐತೆ ಮೇಷ್ಟ್ರೇ," ಎಂದು ಚಿಕ್ಕಬೀರಯ್ಯ ನನ್ನತ್ತ ತಿರುಗಿದ, "ಪೊಲೀಸ್ನೋರು ಬಂದ್ರೆ ಮೊದ್ಲು ಇವ್ರನ್ನೇ ಹಿಡೀಬೇಕು."

ಅವರ ಹಟದ ಮೂಲ ನನಗೆ ತಿಳಿದದ್ದು 1996ರ ನವೆಂಬರ್ 24, ಭಾನುವಾರ. ಬಾಣಾವರದಲ್ಲಿ ಒಂದು ಮದುವೆ ಮುಗಿಸಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ರೈಲು ಒಂದು ಗಂಟೆ ಹತ್ತು ನಿಮಿಷ ತಡ. "ಇವತ್ತಿಗೆ ಮೂವತ್ತೇಳು ವರ್ಷ ಆಯ್ತು," ಎಂದು ಅವರಾಗಿ ಆರಂಭಿಸಿದರು. ಅವರ ಹಿರಿಯಣ್ಣ ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಪತ್ತೇದಾರಿ ಧಾರಾವಾಹಿಯನ್ನು ತಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಪತ್ರಿಕೆ ಪ್ರತಿ ಗುರುವಾರ ರೈಲಿನಲ್ಲಿ ಅರಸೀಕೆರೆಗೆ ಬರುವುದು. ಕೊನೆಯ ಕಂತಿಗೆ ಒಂದು ವಾರವಿರುವಾಗ ಅಣ್ಣನಿಗೆ ವಿಷಮಶೀತಜ್ವರ ಅಂಟಿತು.

"ಜ್ವರದಲ್ಲಿ ಎರಡೇ ಮಾತು ಕೇಳ್ತಿದ್ದ. ಗುರುವಾರ ಬಂತೇನೋ? ಯಾರಂತೋ ಕೊಂದಿದ್ದು? ಅಷ್ಟೇ." ಅಣ್ಣ ತೀರಿಕೊಂಡದ್ದು ಮಂಗಳವಾರ, 1959ರ ನವೆಂಬರ್ 24. ಗುರುವಾರ ಪತ್ರಿಕೆ ಬಂತು. ಹದಿಮೂರು ವರ್ಷದ ತಮ್ಮ ಅದನ್ನು ಹಿಡಿದು ಮನೆಯ ತೋಟಕ್ಕೆ ಹೋಗಿ, ಅಣ್ಣನನ್ನು ಮಣ್ಣು ಮಾಡಿದ ಜಾಗದಲ್ಲಿ ಕುಳಿತು, ಕೊನೆಯ ಕಂತನ್ನು ಆದ್ಯಂತವಾಗಿ ಓದಿ ಹೇಳಿದನಂತೆ.

"ಅವತ್ತಿಂದ ನಡುವೆ ನಿಂತೋಗೋದು ಅಂದ್ರೆ ಭಯ ಮೇಷ್ಟ್ರೇ," ಎಂದರು. ಅದಾದ ಮೇಲೆ ನಾನು ಅವರ ಓದಿನ ಕ್ರಮವನ್ನು ಆಕ್ಷೇಪಿಸಲಿಲ್ಲ.

ಈಗ ಸಿಂಧುವಿನ ಪ್ರಸಂಗಕ್ಕೆ ಬರುತ್ತೇನೆ. ಹಳೇಬೀಡಿನ ಹುಡುಗಿ, ಬೇಲೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಐದು ವರ್ಷಗಳಿಂದ ನಮ್ಮ ಕೂಟದ ಸದಸ್ಯೆ. ಹುಲಿಕೆರೆಯ ಕಲ್ಯಾಣಿಯಲ್ಲಿ ಶವವೊಂದು ತೇಲುವುದರಿಂದ ಆರಂಭವಾಗುವ 'ನೀರೊಳಗಿನ ಮೆಟ್ಟಿಲು' ಎಂಬ ಕೊಲೆರಹಸ್ಯವನ್ನು ಅವಳು ಬರೆದು ಮುಗಿಸಿದ್ದಳು. 2024ರ ಮಾರ್ಚ್ 3ರ ಭಾನುವಾರ ನಮಗೆಲ್ಲ ಒಂದೊಂದು ಕಡತ ಹಂಚಿದಳು. ಗಂಗಾಧರಪ್ಪನವರು ವಾಡಿಕೆಯಂತೆ ಕಿವಿಯ ಬಳಿ ಅಲ್ಲಾಡಿಸಿ, ಕೊನೆಯ ಹಾಳೆಗೆ ತಿರುವಿ, ಹುಬ್ಬು ಗಂಟಿಕ್ಕಿದರು.

"ಇದು ಮುಗಿದಂಗಿಲ್ಲವಲ್ಲ ತಾಯಿ?"

"ಹದಿಮೂರು ಅಧ್ಯಾಯ ಅಷ್ಟೇ ಕೊಟ್ಟಿರೋದು ತಾತ, ಎಲ್ರಿಗೂ. ಕೊನೇದು ನನ್ನ ಹತ್ರ ಇದೆ. ಯಾರ್ ಮೇಲೆ ಅನುಮಾನ ಅಂತ ಮೊದ್ಲು ನೀವು ಹೇಳ್ಬೇಕು. ಎಲ್ರೂ ಕರೆಕ್ಟಾಗಿ ಹೇಳ್ಬಿಟ್ರೆ ಪ್ರಿಂಟ್‌ಗೆ ಕೊಡಲ್ಲ. ಅದ್ರಲ್ಲೂ ನಿಮ್ಮ ಅಭಿಪ್ರಾಯ ಬೇಕೇ ಬೇಕು."

ಅವರು ಕಡತವನ್ನು ಮುಚ್ಚಿ ಚೀಲದ ಮೇಲಿಟ್ಟರು. "ಅದು ಹಂಗಿರ್ಲಿ. ಹದಿನೈದನೇ ತಾರೀಖು ಹಾಸನದಲ್ಲಿ ನನ್ನ ಎದೆ ಬಗೀತಾರೆ. ನಡುವೆ ನಿಂತೋದ್ರೆ?"

ಹೃದಯದ ಶಸ್ತ್ರಚಿಕಿತ್ಸೆಯ ವಿಷಯ ನಮಗೆಲ್ಲ ತಿಳಿದಿತ್ತು. ಅವರ ಭಯದ ನಿಜವಾದ ಆಕಾರ ನನಗೂ ದ್ರಾಕ್ಷಾಯಣಮ್ಮನವರಿಗೂ ಮಾತ್ರ ತಿಳಿದಿತ್ತು. ಸಿಂಧು ಬಿಳಿಚಿಕೊಂಡು, ಕೊನೆಯ ಅಧ್ಯಾಯ ತೆಗೆಯಲೆಂದು ಕೈಚೀಲ ಬಿಚ್ಚತೊಡಗಿದಳು. ಆಗ ದ್ರಾಕ್ಷಾಯಣಮ್ಮನವರು ಕಾಫಿ ಲೋಟಗಳನ್ನು ಜೋಡಿಸುತ್ತಲೇ ಅಂದರು:

"ಕೊಡಬೇಡ ಕಣೇ ಸಿಂಧು. ನನ್ನ ಕಟ್ಕೊಳ್ಳುವಾಗ ಕೊನೇ ಪುಟ ನೋಡ್ಕೊಂಡು ಕಟ್ಕೊಂಡ್ರಾ ಇವರು?"

ಎಲ್ಲರೂ ನಕ್ಕರು. ಗಂಗಾಧರಪ್ಪನವರು ನಗಲಿಲ್ಲ. ಆದರೆ ಎದ್ದು ಹೋಗುವಾಗ ಕಡತ ಅವರ ಕಂಕುಳಲ್ಲಿತ್ತು.

ಮುಂದಿನ ಒಂಬತ್ತು ದಿನಗಳಲ್ಲಿ ನಾನು ಕಂಡ ಗಂಗಾಧರಪ್ಪನವರು ನನಗೆ ಅಪರಿಚಿತರು. ಓದಿದ್ದನ್ನು ತಿರುತಿರುಗಿ ಓದುವರು. ಊಟಕ್ಕೆ ಕರೆದರೆ ಸಿಡುಕುವರು. ಮಾರ್ಚ್ 7, ಗುರುವಾರ ಅವರ ಮನೆಗೆ ಹೋದಾಗ ನನ್ನ ತೋಳು ಹಿಡಿದು ಜಗಲಿಯ ಮೂಲೆಗೆ ಕರೆದೊಯ್ದು ಪಿಸುಗುಟ್ಟಿದರು: "ಆ ಕಲ್ಯಾಣಿ ಕಾವಲುಗಾರ ದೇವೇಂದ್ರ. ಮೂರನೇ ಅಧ್ಯಾಯದಲ್ಲಿ ಬೆಳಿಗ್ಗೆ ಅವನ ಚಪ್ಪಲಿ ಒದ್ದೆ ಆಗಿತ್ತು. ಗಮನಿಸಿದ್ರಾ?" ಕಾಗದದ ಮೇಲಿನ ದೇವೇಂದ್ರ ಒಳಗೆಲ್ಲೋ ಕುಳಿತು ಕೇಳಿಸಿಕೊಂಡಾನೆಂಬ ಎಚ್ಚರಿಕೆ ಆ ದನಿಯಲ್ಲಿತ್ತು.

ಅಷ್ಟಕ್ಕೇ ತೃಪ್ತರಾಗದೆ, 10ನೆಯ ತಾರೀಖು ಭಾನುವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹುಲಿಕೆರೆಗೇ ಹೊರಟರು. ಮೆಟ್ಟಿಲು ಹತ್ತಿಳಿಯಕೂಡದೆಂದು ವೈದ್ಯರ ಆಜ್ಞೆಯಿದ್ದುದರಿಂದ ತಾವು ಮೇಲೆಯೇ ನಿಂತು ನನ್ನನ್ನು ಕೆಳಗಿಳಿಸಿ, ಎಷ್ಟನೆಯ ಮೆಟ್ಟಿಲಿನಲ್ಲಿ ಚಪ್ಪಲಿ ಒದ್ದೆಯಾಗುವುದೆಂದು ಕೂಗಿ ಹೇಳಲು ಆದೇಶಿಸಿದರು. ಎಪ್ಪತ್ತಾರು ವರ್ಷದ ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಪಂಚೆ ಎತ್ತಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿರಲು, ಸುದ್ದಿ ತಿಳಿದು ಓಡಿಬಂದ ಚಿಕ್ಕಬೀರಯ್ಯ ದಂಡೆಯ ಮೇಲಿಂದ ಗಹಗಹಿಸಿದ:

"ಮೇಷ್ಟ್ರುನ ನೀರಿಗೆ ಇಳ್ಸವ್ರಲ್ಲಪ್ಪೋ! ಇನ್ನೊಂದು ಕೊಲೆ ಆಯ್ತದೆ, ಸಾಕ್ಷಿಗೆ ನಾನಿದೀನಿ!"

ಮಾರ್ಚ್ 13, ಬುಧವಾರ ಮಧ್ಯಾಹ್ನ ಸಿಂಧು ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿದಳು. ಮರುದಿನ ಗಂಗಾಧರಪ್ಪನವರು ಆಸ್ಪತ್ರೆಗೆ ಸೇರಬೇಕು. ಅವರು ಹಿಂದಿನ ದಿನವೇ ಬರೆದಿಟ್ಟಿದ್ದ ಒಂದು ಹಾಳೆಯನ್ನು ಅವಳ ಕೈಗಿತ್ತರು. ಅದರಲ್ಲಿ ಮೂರೇ ಸಾಲು: "ನನ್ನ ಅನುಮಾನ ದೇವೇಂದ್ರನ ಮೇಲೆ. ಒಂಬತ್ತು ದಿನ ನೆಮ್ಮದಿಯಿಲ್ಲ. ಅಚ್ಚಿಗೆ ಕೊಡಬಹುದು." ಅವಳು ಓದಿ, ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳದೆ, ಲಕೋಟೆಯೊಂದನ್ನು ಮುಂದೆ ಚಾಚಿದಳು.

"ಕೊನೇ ಅಧ್ಯಾಯ. ಈಗ್ಲೇ ಓದ್ಬಿಡಿ ತಾತ, ಪ್ಲೀಸ್."

ಅವರು ಲಕೋಟೆಯನ್ನು ಕಿವಿಯ ಬಳಿ ಹಿಡಿದು ಎರಡು ಸಲ ಅಲ್ಲಾಡಿಸಿದರು. ಬೆರಳು ಅಂಟಿನ ಅಂಚಿನವರೆಗೆ ಹೋಗಿ, ಅಲ್ಲಿಯೇ ನಿಂತು, ಹಿಂದಕ್ಕೆ ಬಂತು. ಲಕೋಟೆಯನ್ನು ಪತ್ನಿಯ ಕೈಯಲ್ಲಿಟ್ಟರು.

"ಇದು ಮನೇಲೇ ಇರ್ಲಿ. ಬಂದು ಓದ್ತೀನಿ. ಓದೋದು ಬಾಕಿ ಐತೆ ಅಂದ್ರೆ ಬರಲೇಬೇಕಲ್ಲ."

ದ್ರಾಕ್ಷಾಯಣಮ್ಮನವರು ಅದನ್ನು ಸೆರಗಿನೊಳಗೆ ಸೇರಿಸಿಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವರು ಬಂದರು. ಮಾರ್ಚ್ 31, ಭಾನುವಾರ ಬೆಳಿಗ್ಗೆ, ಎದೆಗೆ ದಿಂಬು ಒತ್ತಿಕೊಂಡು ಕುಳಿತು, ನನ್ನೆದುರಿನಲ್ಲೇ ಲಕೋಟೆ ಒಡೆದು ಓದಿದರು. ಮುಗಿದ ಮೇಲೆ ಅಡಿಯಲ್ಲಿ ನೀಲಿ ಗೀಟೆಳೆದು, ಕನ್ನಡಕ ತೆಗೆದು, ಅಂಗಳದತ್ತ ತಿರುಗಿದರು.

"ಮೀನಿಗೆ ಮಂಡಕ್ಕಿ ಹಾಕೋಕೆ ಇಳೀತಿದ್ದನಂತೆ ಮೇಷ್ಟ್ರೇ," ಎಂದರು. "ದಿನಾ ಬೆಳಿಗ್ಗೆ. ಅದಕ್ಕೇ ಚಪ್ಪಲಿ ಒದ್ದೆ."

ದಿಂಬನ್ನು ಸರಿಪಡಿಸಿಕೊಂಡು ಮುಂದುವರಿಸಿದರು:

"ಮುನ್ನೂರಕ್ಕೂ ಮೇಲೆ ಕೊಲೆ ಓದಿದೀನಿ. ಒಬ್ಬ ನಿರಪರಾಧಿ ಮೇಲೂ ಅನುಮಾನ ಪಟ್ಟಿರಲಿಲ್ಲ. ಇದೇ ಮೊದಲು."

ಅಭಿಪ್ರಾಯ ಪುಸ್ತಕವನ್ನು ತರಿಸಿಕೊಂಡು ಬರೆದರು: "ದೇವೇಂದ್ರ, ನಿನ್ನನ್ನು ತಪ್ಪಾಗಿ ತಿಳಿದೆ. ಕ್ಷಮಿಸು. ಗಂಗಾಧರಪ್ಪ, 31-3-2024." ನಿರಪರಾಧಿಯ ಹೆಸರನ್ನು ಬರೆಯುವುದೂ ಸುಳಿವೇ, ನಿಯಮದಂತೆ ಆ ಸಾಲನ್ನು ನಾನು ಹೊಡೆದುಹಾಕಬೇಕಿತ್ತು. ಲೇಖನಿ ಕೈಯಲ್ಲಿತ್ತು. ಹೊಡೆಯಲಿಲ್ಲ. ಇಲ್ಲಿಯೂ ಅದನ್ನು ಹೇಳಿ ನನ್ನ ನಿಯಮವನ್ನು ನಾನೇ ಮುರಿದಿದ್ದೇನೆ. ಕೊಲೆಗಾರನ ಹೆಸರನ್ನು ಮಾತ್ರ ಹೇಳಲಾರೆ. ಆ ವರ್ಷದ ಜುಲೈ 14ರಂದು ಕಾದಂಬರಿ ಅಚ್ಚಾಗಿ ಬಂದಾಗ ಮೊದಲ ಪ್ರತಿಯನ್ನು ಸಿಂಧು ಗಂಗಾಧರಪ್ಪನವರ ಕೋಟಿನ ಎಡಜೇಬಿಗೇ ಇಳಿಸಿದಳು.

ಗಂಗಾಧರಪ್ಪನವರು ತೀರಿಕೊಂಡದ್ದು 2025ರ ಅಕ್ಟೋಬರ್ 6, ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ, ಕುರ್ಚಿಯಲ್ಲಿ ಓದುತ್ತ ಕುಳಿತಿದ್ದಾಗ. ತೋಟದಲ್ಲಿ ಅಣ್ಣನ ಪಕ್ಕದಲ್ಲೇ ಮಣ್ಣು ಮಾಡಿದರು. ಹನ್ನೊಂದನೆಯ ದಿನದ ಶಿವಗಣಾರಾಧನೆ ನಡೆದದ್ದು 16ರಂದು. ಅದು ಗುರುವಾರವಾಗಿತ್ತೆಂಬುದನ್ನು ನಾನು ಗಮನಿಸದಿರಲು ಸಾಧ್ಯವಿರಲಿಲ್ಲ. ಎಲ್ಲರೂ ಊಟಕ್ಕೆದ್ದಾಗ ದ್ರಾಕ್ಷಾಯಣಮ್ಮನವರು ಅವರು ಕೊನೆಯದಾಗಿ ಓದುತ್ತಿದ್ದ ಕಾದಂಬರಿಯನ್ನು ನನ್ನ ಕೈಗಿತ್ತರು. ಇನ್ನೂರ ಹನ್ನೆರಡು ಪುಟಗಳ ಪುಸ್ತಕ. ನೂರ ನಲವತ್ತಮೂರನೆಯ ಪುಟದಲ್ಲಿ ಒಂದು ಬಸ್ ಟಿಕೆಟ್ ಗುರುತಿಗಿತ್ತು. ಅವರ ಅಭ್ಯಾಸ ನೆನೆದು ನಾನು ಕೊನೆಯ ಪುಟಕ್ಕೆ ತಿರುವಿ, ಅಡಿಯ ಅಂಚನ್ನಷ್ಟೇ ನೋಡಿದೆ.

ನೀಲಿ ಗೀಟು ಇರಲಿಲ್ಲ.

ಬಾಣಾವರದ ಕಲ್ಲುಬೆಂಚು ನೆನಪಾಯಿತು. "ತೋಟಕ್ಕೆ ಹೋಗಿ ಇದನ್ನು ಓದಿ ಹೇಳಿ ಬರಲೇ?" ಎಂದು ಕೇಳಿದೆ, ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಬೇಡಿ ಮೇಷ್ಟ್ರೇ," ಎಂದರು ಆಕೆ, ಕಣ್ಣೊರೆಸಿಕೊಳ್ಳದೆಯೇ. "ಬೇಕಿದ್ರೆ ಅವರೇ ತಿರುವಿ ನೋಡ್ಕೊಳ್ತಿದ್ರು. ಪೆನ್ಸಿಲ್ಲು ಜೇಬಲ್ಲೇ ಇತ್ತು."

ಅಂತ್ಯವನ್ನು ಮೊದಲೇ ತಿಳಿಯಬಯಸುವವರನ್ನು ನಾವು ತಾಳ್ಮೆಯಿಲ್ಲದವರೆಂದು ಹಳಿಯುತ್ತೇವೆ. ನಾನೂ ಹತ್ತು ವರ್ಷ ಹಳಿದವನೇ. ಅವರಲ್ಲಿ ಬಹುಮಂದಿ ಎಳವೆಯಲ್ಲಿಯೇ ಒಂದು ಕಥೆ ನಡುವೆ ಕಡಿದುಹೋದುದನ್ನು ಕಂಡು, ಇನ್ನಾವ ಕಥೆಯೂ ತಮ್ಮ ಕೈಯಲ್ಲಿ ಹಾಗೆ ಕಡಿಯಬಾರದೆಂದು ಕಾವಲು ಕುಳಿತವರು. ಅಂಥವರಲ್ಲೊಬ್ಬರು ಯಾವುದೋ ಒಂದು ದಿನ ಕಾವಲನ್ನು ಬಿಟ್ಟೆದ್ದು, ನಮ್ಮ ನಿಮ್ಮಂತೆ ಏನೂ ತಿಳಿಯದೆ, ಅನುಮಾನಿಸುತ್ತ, ತಪ್ಪುತ್ತ, ಕ್ಷಮೆ ಕೇಳುತ್ತ ಪುಟ ತಿರುವತೊಡಗಿದರೆ, ಅವರ ಓದು ಎಷ್ಟನೆಯ ಪುಟದಲ್ಲಿ ನಿಂತರೂ ಅದನ್ನು ಅರ್ಧಕ್ಕೆ ನಿಂತದ್ದೆಂದು ಬರೆಯಲು, ದಿನಾಂಕಗಳಲ್ಲಿ ಇಷ್ಟು ನಿಷ್ಠುರನಾದ ನನಗೂ ಕೈ ಬರುವುದಿಲ್ಲ.