ಚಿಂಚೋಳಿ ಬಸ್ಸಿನಲ್ಲಿ ವಿಮಾನದ ಸ್ಟ್ಯಾಂಡು

"ಇದು ಗಾಜಿಗೆ ಅಂಟ್ತದ, ಇದು ಗಾಡಿ ಹ್ಯಾಂಡಲಿಗೆ ಕುಂದರ್ತದ, ಇದು ಬರೇ ಟೇಬಲ್ ಮ್ಯಾಲ ನಿಂದರ್ತದ," ಎಂದು ಅಬ್ದುಲ್ ಕರೀಮ್ ಮೂರು ಮೊಬೈಲ್ ಸ್ಟ್ಯಾಂಡುಗಳನ್ನು ಗಾಜಿನ ಕಪಾಟಿನ ಮೇಲೆ ಸಾಲಾಗಿ ಇಟ್ಟರು. ರಾಧಿಕಾ ಒಂದೊಂದನ್ನೂ ಎತ್ತಿ, ತಿರುಗಿಸಿ, ಇಟ್ಟು, ಮತ್ತೆ ಮೊದಲನೆಯದನ್ನೇ ಎತ್ತಿಕೊಂಡಳು. ಸೇಡಂ ಬಸ್ ನಿಲ್ದಾಣದ ಎದುರಿನ ಈ ಅಂಗಡಿಗೆ ವಾರದಲ್ಲಿ ಇದು ನಾಲ್ಕನೆಯ ಸಲ. ಕೊನೆಗೆ ಪರ್ಸಿನಿಂದ ಒಂದು ದಾರದ ತುಂಡು ತೆಗೆದಳು. ಖಾಲಿ ನಿಂತಿದ್ದ ಬಸ್ಸು ಹತ್ತಿ, ಸೀಟಿನ ಬೆನ್ನಿನ ಪೈಪಿಗೆ ಸುತ್ತಿ ತಂದ ಅಳತೆ ಅದು. ವಿಮಾನದ ಸೀಟೂ ಹೆಚ್ಚುಕಡಿಮೆ ಹಾಗೇ ಇದ್ದೀತು ಎಂದುಕೊಂಡಿದ್ದಳು.

ವಿಮಾನ ಹತ್ತಿ ಮಕ್ಕಾದ ಉಮ್ರಾ ಯಾತ್ರೆಗೆ ಹೋಗಿ ಬಂದಿದ್ದ ಕರೀಮ್ ದಾರ ನೋಡಿ ನಗು ನುಂಗಿಕೊಂಡರು.

"ವಿಮಾನದಾಗ ಪೈಪ್ ಎಲ್ಲಿಂದ ಬರಬೇಕು ಬೇಟಿ? ಮುಂದಿನ ಸೀಟಿನ ಬೆನ್ನಿಗಿ ಪಾಟಿಯಂಥಾ ಹಲಗಿ ಇರ್ತದ. ಉಣ್ಣಾಗ ಇಳಸೂದು, ಉಂಡ ಮ್ಯಾಲ ಏರ್ಸೂದು. ನಾ ಅದರ ಮ್ಯಾಲ ತಲಿ ಇಟ್ಟು ಮಲ್ಕೊಂಡಿದ್ದೆ. ಮುಂದಿನಾಂವ ಸೀಟು ಹಿಂದ ಬಾಗ್ಸಿದ, ನನ್ನ ಮೂಗು ಜಜ್ಜಿ ಹೋಯ್ತು."

ಮೂಗು ಮುಟ್ಟಿಕೊಂಡೇ ಒಳಗೆ ಹೋಗಿ ಇನ್ನೊಂದು ಸ್ಟ್ಯಾಂಡು ತಂದರು. ಹಲಗೆಯನ್ನು ಕಚ್ಚಿ ಹಿಡಿಯುವ ಬಾಯಿ, ಬಗ್ಗಿಸಿದತ್ತ ಬಗ್ಗುವ ಉದ್ದನೆಯ ಕುತ್ತಿಗೆ. ರಾಧಿಕಾ ಅದನ್ನೇ ಒಯ್ದಳು. ಮನೆ ಮುಟ್ಟುವಷ್ಟರಲ್ಲಿ, ಗಾಜಿಗೆ ಅಂಟುವುದೇ ಚಲೋ ಇತ್ತೇನೋ ಎಂದು ಎರಡು ಸಲ ಅನಿಸಿತು.

ರಾಧಿಕಾಳ ಅಜ್ಜಿ, ಆಯಿ ಭೀಮಬಾಯಿಗೆ, ಬುದ್ಧಗಯಾದ ಮರ ನೋಡಬೇಕೆಂಬುದು ಎಷ್ಟೋ ವರ್ಷದ ಆಸೆ. ಎರಡು ವರ್ಷದಿಂದ ಮರೆವು ಹತ್ತಿತ್ತು. ಹೋದ ಸಲ ಹೊರಟಿದ್ದ ರೈಲಿನಿಂದ ವಾಡಿ ಜಂಕ್ಷನ್ನಿನಲ್ಲೇ ಇಳಿದು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಾಗಿಣಾ ಹೊಳೆ ಹುಡುಕುತ್ತ ನಿಂತಿದ್ದಳು. ಈ ಸಲ ಹೈದರಾಬಾದಿನಿಂದ ಎರಡು ತಾಸಿನ ವಿಮಾನ. ಯಾತ್ರೆಗೆ ಮಂದಿಯನ್ನು ಕರೆದೊಯ್ಯುವ ರಾಜರತ್ನ ಕಾಕಾ, ನಿವೃತ್ತ ಮಾಸ್ತರರು, ಸಾಫ್ ಹೇಳಿದ್ದರು: ಆಯಿ ನಡುನಡುವೆ ಎದ್ದು ಹೊರಟರೆ ಎಲ್ಲರಿಗೂ ತ್ರಾಸು, ಮೊದಲು ಚಿಂಚೋಳಿ ಬಸ್ಸಿನಲ್ಲಿ ಕೊನೆತನಕ ಕುಳಿತು ತೋರಿಸಲಿ, ತಾನೂ ಮಗಳ ಮನೆಗೆ ಅದೇ ಬಸ್ಸಿಗೆ ಬರುತ್ತೇನೆ, ನೋಡಿ ಟಿಕೀಟು ಮಾಡಿಸುತ್ತೇನೆ. ಮುಂದಿನ ವರ್ಷಕ್ಕೆ ಆಯಿಗೆ ಮರದ ಹೆಸರಾದರೂ ನೆನಪಿರುತ್ತದೋ ಇಲ್ಲವೋ.

ಆಯಿ ಕುಳಿತಲ್ಲಿ ಕುಳಿತಿರುತ್ತಿದ್ದುದು ಒಂದೇ ವಿಡಿಯೋಕ್ಕೆ. ಬುದ್ಧಿ ನೆಟ್ಟಗಿದ್ದಾಗ ಅವಳೇ ಹೇಳಿದ್ದ ಕತೆಗಳನ್ನು ರಾಧಿಕಾ ಮೊಬೈಲಿನಲ್ಲಿ ಹಿಡಿದಿದ್ದಳು. ಈಗ ಅದನ್ನು ನೋಡಿದರೆ, "ಯಾರ ಈ ಮುದುಕಿ? ಚಲೋ ಹೇಳ್ತಾಳ," ಎನ್ನುತ್ತಿದ್ದಳು. ಕಿವಿಗೆ ಏನು ಸಿಕ್ಕಿಸಿದರೂ ಕಿತ್ತೊಗೆಯುವವಳು. ಹಾಗಾಗಿ ದನಿ ವಿಮಾನದಲ್ಲಿ ಅಕ್ಕಪಕ್ಕದವರಿಗೂ ಕೇಳುವುದೇ. ಮಾತುಮಾತಿಗೂ ನಡುವೆ ಬರುವ ತನ್ನ ನಿದ್ದೆಗಣ್ಣಿನ 'ಹೂಂ' ಎಂಬ ದನಿ ಕೇಳಿ ರಾಧಿಕಾಗೆ ನಾಚಿಕೆಯಾಗಿ, ಎರಡು ದಿನ ಕುಳಿತು ಒಂದೂ ಉಳಿಯದಂತೆ ಕತ್ತರಿಸಿದ್ದಳು.

ರವಿವಾರ ಬಸ್ಸಿನಲ್ಲಿ, ಮುಂದಿನ ಸೀಟಿನ ಪೈಪಿಗೆ ಹಳೆಯ ಸೀರೆಯ ಅಂಚಿನಿಂದ ವಿಮಾನದ ಹಲಗೆಯ ಬದಲಿಗೆ ಮಕ್ಕಳು ಬರೆಯುವ ಪಾಟಿಯೊಂದನ್ನು ಬಿಗಿದು, ಅದಕ್ಕೆ ಸ್ಟ್ಯಾಂಡು ಕಚ್ಚಿಸಿ, ಮೊಬೈಲು ಇಟ್ಟಳು. ಕಂಡಕ್ಟರ್, ಸಾಲಿ ಇಲ್ಲೇ ತೆಗೆದಿರೇನು ಎಂದು ಕೇಳಿ ಟಿಕೀಟು ಹರಿದ. ಹಿಂದಿನ ಸೀಟಿನಲ್ಲಿ ಕಾಕಾ ಗಡಿಯಾರ ನೋಡಿಕೊಂಡರು.

ಬಸ್ಸು ಊರು ದಾಟಿತು. ವಿಡಿಯೋದೊಳಗಿನ ಆಯಿ, ಹೊಳೆ ದಾಟಿಸು ಎಂದು ಕೊಕ್ಕರೆಯನ್ನು ಬೇಡಿಕೊಂಡ ಕುರುಡಿ ಮುದುಕಿಯ ಕತೆ ಶುರುಮಾಡಿದಳು. ಈ ಆಯಿ ಎರಡು ನಿಮಿಷ ನೋಡಿದಳು. ಆಮೇಲೆ ಸೆರಗು ಸರಿಮಾಡಿದಳು, ಆಚೀಚೆ ತಿರುಗಿದಳು. ರಸ್ತೆಯ ತೆಗ್ಗಿಗೊಮ್ಮೆ ಸ್ಟ್ಯಾಂಡಿನ ಕುತ್ತಿಗೆ ಅಲುಗಿ ಚಿತ್ರ ಕುಣಿಯುತ್ತಿತ್ತು; ರಾಧಿಕಾ ತಿರುಪು ಬಿಗಿ ಮಾಡಿದಳು, ಎತ್ತರಿಸಿದಳು, ಇಳಿಸಿದಳು. ಆಯಿ ಎದ್ದೇ ನಿಂತಳು.

"ಆಯಿ, ಕುಂದ್ರು. ಇನ್ನಾ ಕತಿ ಮುಗದಿಲ್ಲ."

"ಯಾರೂ ಹೂಂ ಅನವಲ್ರು," ಎಂದಳು ಆಯಿ, ಮೊಬೈಲಿನ ಕಡೆ ಕೈ ತೋರಿಸಿ. "ಪಾಪ, ಅಕಿ ಒಬ್ಬಾಕೀನೇ ಒದರ್ಲಿಕತ್ತಾಳ. ಹೂಂ ಅನ್ನೋರಿಲ್ದಲ್ಲಿ ಕತಿ ಹೇಳಬಾರದು. ಏಳು, ಮನಿಗಿ ಹೋಗಾಮು."

ಮನೆಯಲ್ಲೂ ಅವಳದು ಅದೇ ಪದ್ಧತಿಯಿತ್ತು. ಕೇಳುವವರು ತೂಕಡಿಸಿ 'ಹೂಂ' ನಿಂತರೆ, ರಾಜನ ಮಗಳು ಬಾವಿಯಲ್ಲಿದ್ದರೂ ಅಲ್ಲೇ ಬಿಟ್ಟು ಆಯಿ ಎದ್ದು ಹೋಗುತ್ತಿದ್ದಳು. ರಾಧಿಕಾ ಗಡಬಡಿಸಿ ವಿಡಿಯೋಕ್ಕೆ "ಹೂಂ" ಎಂದಳು. ಆದರೆ ಮಾತಿಗೂ ಮಾತಿಗೂ ನಡುವೆ ಈಗ ಜಾಗವೇ ಇರಲಿಲ್ಲ. ಅವಳ ಹೂಂ ಮೇಲೆ ಕತೆ ಹಾಯ್ದು ಹೋಯಿತು. ಆಯಿ ಬಾಗಿಲಿನ ಕಡೆ ಹೆಜ್ಜೆ ಇಟ್ಟಳು. ಹಿಂದೆ ಕಾಕಾ ಗಂಟಲು ಸರಿಮಾಡಿಕೊಂಡರು.

ರಾಧಿಕಾ ಮೊಬೈಲನ್ನು ಕಿತ್ತು ಚೀಲಕ್ಕೆ ಹಾಕಿ, ಆಯಿಯ ಮಣಿಕಟ್ಟು ಹಿಡಿದಳು. ಬಸ್ಸಿನ ತುಂಬ ಮಂದಿ. ಆದರೂ ಹೇಳಿದಳು.

"ಕೊಕ್ಕರಿ ಅಂತು, ಮುದುಕೀ, ನನ್ನ ಬೆನ್ನ ಮ್ಯಾಲ ಕುಂದ್ರು."

ಆಯಿ ತಿರುಗಿ ನೋಡಿದಳು.

"ಹೂಂ," ಎಂದಳು.

"ಕುಂತಳು. ಮ್ಯಾಲ ಎದ್ದಿತು. ಕೊಕ್ಕರಿ ಕೇಳ್ತು, ಕೆಳಗ ಏನು ಕಾಣ್ತದ?"

"ಹೂಂ." ಆಯಿ ಸೀಟಿನ ಅಂಚಿಗೆ ಕುಳಿತಳು. ಒಂದು ಹಳ್ಳಿ ಹೋಯಿತು, ಮತ್ತೊಂದು ಹೋಯಿತು, ತೊಗರಿ ಹೊಲಗಳು ಹೋದವು. ಮುಂದಿನ ಸೀಟಿನ ಹೆಣ್ಣುಮಗಳು ಅರ್ಧ ತಿರುಗಿ, ತಾನೂ ಹೂಂ ಅನ್ನತೊಡಗಿದಳು. ರಾಧಿಕಾಳ ಗಂಟಲು ಒಣಗಿತು. ಮರೆತಲ್ಲಿ ಹೊಸದಾಗಿ ಹೊಳೆ ಕಟ್ಟಿದಳು, ಹೊಸ ಊರು ಕಟ್ಟಿದಳು. ಕತೆ ಎಲ್ಲಿ ಇಳಿಯಬೇಕೆಂಬುದು ಅವಳಿಗೇ ಗೊತ್ತಿರಲಿಲ್ಲ.

ಉಸಿರಿಗೆಂದು ಒಮ್ಮೆ ನಿಲ್ಲಿಸಿದಾಗ ಹಿಂದಿನಿಂದಲೂ ಒಂದು ಸಣ್ಣ "ಹೂಂ" ಬಂತು. ಅವಳು ತಿರುಗಿದಳು. ರಾಜರತ್ನ ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಆಯಿದು ಆಧಾರ್ ಕಾರ್ಡಿನ ಫೋಟೋ ಕಳಸವ್ವ," ಎಂದರು. "ವಿಮಾನದ ಟಿಕೀಟಿಗಿ ಬೇಕಾಗ್ತದ. ಮುಂದ ಹೇಳು."

ಚಿಂಚೋಳಿ ಇನ್ನೂ ದೂರವಿತ್ತು. ರಸ್ತೆ ಕೆಟ್ಟಿತ್ತು. ಪಾಟಿಗೆ ಕಚ್ಚಿಕೊಂಡಿದ್ದ ಖಾಲಿ ಸ್ಟ್ಯಾಂಡು, ಪ್ರತಿ ತೆಗ್ಗಿಗೂ ತನ್ನ ಉದ್ದನೆಯ ಕುತ್ತಿಗೆಯನ್ನು ಒಮ್ಮೆ ಬಗ್ಗಿಸಿ, ಒಮ್ಮೆ ಎತ್ತುತ್ತಿತ್ತು.