ಗೊಣಗಿಯ ಕರುಳಿನ ಕಥೆ, ಸದ್ಯಕ್ಕೆ ಇಷ್ಟು

1

ಹಸುವಿನ ಹೊಟ್ಟೆಯೊಳಗಿನ ಕಥೆಯನ್ನು ಯಾವ ಕಡೆಯಿಂದ ಶುರು ಮಾಡುವುದು? ಬಾಯಿಂದಾದರೆ ನಾಲ್ಕು ಕೋಣೆ ದಾಟಬೇಕು. ಇನ್ನೊಂದು ತುದಿಯಿಂದಾದರೆ ನೀವು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತೀರಿ.

ಮತ್ತೆ 1

'ಹಸುವಿನ ಕರುಳಲ್ಲಿ ಗಾಂಜಾ ಇದೆ' ಎಂದು ಬರೆದೆ. ಅಕ್ಕ ಓದಿ ತಲೆ ಚಚ್ಚಿಕೊಂಡಳು. ಅವಳು ದನಗಳ ಕರುಳಿನ ಸಂಶೋಧಕಿ. ಈ ಕಥೆಯ ನಾಯಕಿಯೂ ಅವಳೇ. ಗಾಂಜಾ ಇಲ್ಲವಂತೆ. ಗಾಂಜಾದ ಸತ್ವ ಹೋಗಿ ಕೂರುವ ಜಾಗದಲ್ಲೇ ಕೂತು, ಹಸಿವನ್ನೂ ಕರುಳಿನ ಉರಿಯನ್ನೂ ಹದದಲ್ಲಿಡುವ ಪದಾರ್ಥಗಳನ್ನು ಹಸುವಿನ ಮೈಯೇ ತಯಾರಿಸಿಕೊಳ್ಳುತ್ತದಂತೆ. ಹೆಸರು ಎಂಡೋಕ್ಯಾನಬಿನಾಯ್ಡ್. (ಹೆದರಬೇಡಿ, ಇನ್ನೊಮ್ಮೆ ಬರೆಯುವುದಿಲ್ಲ.)

2

ಸಂಶೋಧನೆಯ ಕೊಟ್ಟಿಗೆಯಲ್ಲಿ ಆಗಷ್ಟೇ ಕರು ಹಾಕಿದ ಆರು ಹಸುಗಳು. ಅಕ್ಕ ದಿನಾ ರಕ್ತ ತೆಗೆದು ಆ ಪದಾರ್ಥಗಳನ್ನು ಅಳೆಯುತ್ತಾಳೆ. ಕೊನೆಗೆ ಕರುಳಿನ ಚೂರು ಬೇಕು. ಅಂದರೆ ಆರನ್ನೂ ಕೊಲ್ಲಬೇಕು. ಪ್ರೊಫೆಸರರ ನಿಯಮ ಒಂದೇ: ಯಾವ ಹಸುವನ್ನೂ ಮುದ್ದು ಮಾಡುವಂತಿಲ್ಲ. ಮಾಡಿದರೆ ಅದು ನಿರಾಳವಾಗಿ ಅಳತೆ ಕೆಡಬಹುದು. ಅಂಥ ಹಸು ಪ್ರಯೋಗಕ್ಕೆ ಬಾರದು, ಜೀವಸಹಿತ ಮಂದೆಗೆ ವಾಪಸ್.

ಅಕ್ಕ ಗೊಣಗಿಯ ಗಂಗೆದೊಗಲು ಕೆರೆದಳು. (ಸೂಜಿ ಕಂಡರೆ ಗೊಣಗುವ ಹಸು ಅದು. ಕತ್ತಿನ ಕೆಳಗೆ ಕೆರೆದರೆ ಸುಮ್ಮನಾಗುತ್ತಿತ್ತು.)

3 (ಕೈಬಿಟ್ಟದ್ದು)

ಇಲ್ಲಿ ಪ್ರೊಫೆಸರರನ್ನು ಕಟುಕರಂತೆ ಚಿತ್ರಿಸಿದ್ದೆ. ಅಕ್ಕ ಗೀಟೆಳೆದು ಹೊಡೆದುಹಾಕಿದಳು. ಹಸುಗಳ ಮುಖ ನೋಡಲಾರದೆ ಅವರು ಬಾಗಿಲಲ್ಲೇ ನಿಲ್ಲುತ್ತಾರಂತೆ, ಪಾಪ.

5 (4 ಎಲ್ಲಿ ಎಂದು ಕೇಳಬೇಡಿ)

ಕೊನೆಯ ದಿನ ಅಕ್ಕ ಒಳಗೆ ಕಾಲಿಟ್ಟದ್ದೇ ತಡ, ಗೊಣಗಿ ಕೆರೆಸಿಕೊಳ್ಳಲು ಕತ್ತು ಚಾಚಿತು. ಬಾಗಿಲಲ್ಲಿದ್ದ ಪ್ರೊಫೆಸರ್ ನೋಡಿಬಿಟ್ಟರು.

"ನೀನು ಮುದ್ದು ಮಾಡಿದ್ದು ಅದೊಂದನ್ನೇ ತಾನೇ ಅಮ್ಮಾ?"

ಮುಕ್ತಾಯ ಅ: ಮಾಡೇ ಇಲ್ಲ ಅನ್ನುತ್ತಾಳೆ. ಡಾಕ್ಟರೇಟ್ ಬರುತ್ತದೆ, ಗೊಣಗಿ ಹೋಗುತ್ತದೆ.

ಮುಕ್ತಾಯ ಆ: ಹೌದು ಅನ್ನುತ್ತಾಳೆ. ಗೊಣಗಿ ಉಳಿಯುತ್ತದೆ, ಐದು ಹೋಗುತ್ತವೆ. ಕಣ್ಣೀರಿಗೆ ಇದೇ ವಾಸಿ ಎಂದು ಬರೆಯಹೊರಟೆ.

ಅಕ್ಕ ನನಗಾಗಿ ಕಾಯಲಿಲ್ಲ.

"ಇಲ್ಲ ಸರ್," ಅಂದುಬಿಟ್ಟಳು. "ಆರನ್ನೂ ಮಾಡಿದೀನಿ."

ಆರೂ ಮಂದೆಗೆ ಹೋದವು. ಅವಳು ವರ್ಷಗಟ್ಟಲೆ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಜಗಳಕ್ಕೇ ನಿಂತೆ. ನಾನು ಬರೆದದ್ದು ಗೊಣಗಿ ಒಂದನ್ನೇ, ಉಳಿದ ಐದನ್ನು ನೀನು ಕೆರೆದೇ ಇಲ್ಲ, ಸುಳ್ಳೇಕೆ ಹೇಳಿದೆ ಎಂದು ಕೇಳಿದೆ.

"ನೀನು ಬರೆಯೋದು ದಿನಕ್ಕೊಂದು ಗಂಟೆ ಕಣೋ," ಅಂದಳು. "ಉಳಿದ ಹೊತ್ತು ನಾನು ಕೊಟ್ಟಿಗೇಲಿ ಏನ್ಮಾಡ್ತೀನಿ ಅಂತ ನಿಂಗೇನು ಗೊತ್ತು?"