ತಾಜಬಿಯ ವಾಸನೆ

ಎಂಬತ್ತೊಂಬತ್ತರ ಸುಗ್ಗಿ. ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುತ್ತಿದ್ದೆ. ನನ್ನ ತಮ್ಮ ನಾಸೀರ ಬಂದವನು ಬಾಗಿಲಲ್ಲೇ ನಿಂತು, ಮೂಗಿಗೆ ಟವೆಲ್ ಹಿಡಿದು, ಸೀನಿ ಸೀನಿ ಕಣ್ಣೀರು ಹಾಕಿದ. ತೋಳದ ಮೂಗು, ಘಾಟು ತಡೆಯುವುದಿಲ್ಲ. ಸೀನಲಿ ಮಗ ಅಂತ ನಾನು ಏಳಲೇ ಇಲ್ಲ.

"ಅಕ್ಕಾ, ಅವ್ವಗ ಆರಾಮ ಇಲ್ಲ. ಇವತ್ತೋ ನಾಳೆಯೋ ಅನ್ನೂಹಂಗ ಅದಾಳ. ನಿನ್ನ ಮೂಸಿ ನೋಡ್ತೇನಿ ಅಂದಾಳ. ನಾಳೆ ಶುಕ್ರವಾರ ರಾಣೇಬೆನ್ನೂರಿಗೆ ಬಾ."

"ಈಗ ನೆನಪಾತೇನು?"

"ಹಂಗ ಅನಬ್ಯಾಡ. ನಿನ್ನ ಒಳಗ ತಗೊಳ್ಳಾಕ ಅವ್ವ ಒಬ್ಬಾಕಿನ. ಆಕಿ ಹೋದಳಂದ್ರ ಮುಗೀತು."

ಅದು ಖರೇ. ನಮ್ಮದು ಗಾದಿ ಹೊಲಿಯುವ ಮನೆ. ಹಗಲೆಲ್ಲ ಅರಳೆ ಹಿಂಜುವುದು, ಹುಣ್ಣಿಮೆ ಬಂದರೆ ತೋಳವಾಗಿ ಚಿಗರಿ ಅಡವಿಗೆ ಹೋಗುವುದು. ಊರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಯಾರ ಕುರಿಯನ್ನೂ ನಾವು ಮುಟ್ಟಿದವರಲ್ಲ. ಕೂಸು ಹುಟ್ಟಿದ ಕೂಡಲೇ ತಾಯಿ ಅದರ ಕುತ್ತಿಗೆ ಮೂಸಿ 'ನಮ್ಮದು' ಅನ್ನಬೇಕು. ಹೊರಗೆ ಹಾಕಿದವರನ್ನು ಮರಳಿ ಒಳಗೆ ತಗೊಳ್ಳುವುದಿದ್ದರೂ ಅದೇ ತಾಯಿ, ಅದೇ ಕುತ್ತಿಗೆ. ಬಂದವರು ತುಟಿ ಬಿಚ್ಚುವಂತಿಲ್ಲ, ಯಾರೂ ಹೆಸರು ಹೇಳುವಂತಿಲ್ಲ. ಮೂಗು ಹೇಳಬೇಕು.

ನನ್ನನ್ನು ಹೊರಗೆ ಹಾಕಿದ್ದು ಹುಚ್ಚುನಾಯಿ ಕಡಿಯಿತು ಅಂತ. ನಾನೇನು ಹೋಗಿ ಕಾಲು ಕೊಟ್ಟಿದ್ದೆನೇ? ಸಂತೆಯಿಂದ ಬರುವಾಗ ಹಿಮ್ಮಡಿಗೆ ಬಾಯಿ ಹಾಕಿತು. ದವಾಖಾನೆಗೆ ಹೋಗಿ ಹೊಕ್ಕಳ ಸುತ್ತ ಸೂಜಿ ಚುಚ್ಚಿಸಿಕೊಂಡೆ. ಡಾಕ್ಟರು ಏನೂ ಆಗುವುದಿಲ್ಲ ಅಂದರು, ಏನೂ ಆಗಲೂ ಇಲ್ಲ. ಆದರೆ ಆ ಹುಚ್ಚೆಂದರೆ ತೋಳಗಳಿಗೆ ಜೀವ ಹೋಗುವಷ್ಟು ಅಂಜಿಕೆ. ಕಾಕಾಗಳೆಲ್ಲ ಸೇರಿ ತೀರ್ಮಾನ ಮಾಡಿದರು. ಅವ್ವ ಅಳುತ್ತ ನನ್ನ ಬಟ್ಟೆ ಗಂಟು ಕಟ್ಟಿಕೊಟ್ಟಳು. ನನಗೆ ಕಾಕಾಗಳಿಗಿಂತ ಆ ಅಳುವಿನ ಮೇಲೇ ಹೆಚ್ಚು ಸಿಟ್ಟು.

ಬ್ಯಾಡಗಿಗೆ ಬಂದದ್ದು ಬೇಕಂತಲೇ. ವಾಸನೆ ಹತ್ತದಿದ್ದರೆ ನಮ್ಮ ಮೈ ತೋಳವಾಗುವುದಿಲ್ಲ. ಮೆಣಸಿನಕಾಯಿ ಘಾಟಿನಲ್ಲಿ ಕುಳಿತವರ ಮೂಗು ಬೇಗ ಸಾಯುತ್ತದೆ. ಮೊದಮೊದಲು ಹುಣ್ಣಿಮೆಗೆ ಹಲ್ಲು ಜುಮ್ಮೆನ್ನುತ್ತಿತ್ತು, ಬೆನ್ನ ಮೇಲೆ ಕೂದಲು ಎದ್ದು ಬೀಳುತ್ತಿತ್ತು. ಆಮೇಲೆ ಅದೂ ನಿಂತಿತು. ಒಗ್ಗರಣೆಯ ವಾಸನೆ, ಮೊದಲ ಮಳೆಯ ವಾಸನೆ, ಎಲ್ಲ ಹೋಯಿತು. ಅದರ ಜೊತೆ ಇನ್ನೂ ಏನೇನು ಹೋಯಿತೋ, ನಾನು ಹುಡುಕಲಿಲ್ಲ. ಹಾಗೇ ಆರಾಮಿತ್ತು.

ಆದರೂ ನಾಸೀರ ಹೋದ ಮೇಲೆ ಕೆಲಸ ಬಿಟ್ಟೆ. ನನಗೆ ಮನೆ ಬೇಕಿತ್ತು. ಅವ್ವ 'ನಮ್ಮದು' ಅನ್ನಬೇಕಿತ್ತು. ಶುಕ್ರವಾರ ಬೆಳಿಗ್ಗೆ, ನನ್ನ ಜೋಡಿ ತೊಟ್ಟು ಮುರಿಯುವ ಉಚ್ಚಂಗೆವ್ವ ಸೀಗೆಕಾಯಿ, ಕಡಲೆಹಿಟ್ಟು ಹಾಕಿ ನನ್ನ ಬೆನ್ನು ತಿಕ್ಕಲು ಕುಳಿತಳು.

"ಯಾವನರ ನೋಡಾಕ ಬರ್ತಾನೇನ ಮತ್ತ?"

"ಹ್ಞೂಂ, ಕುದರಿ ಮ್ಯಾಲ."

"ಹಂಗಾರ ತಡಿ, ಇನ್ನೊಂದೀಟು ತಿಕ್ಕತೇನಿ," ಎಂದು ಚರ್ಮ ಕಿತ್ತು ಬರುವಂತೆ ತಿಕ್ಕಿದಳು. ಘಾಟು ಹೋಯಿತೇನು ಅಂತ ಕೇಳಿದೆ. ನನ್ನ ಹೆಗಲಿಗೆ ಮೂಗು ಹಚ್ಚಿ, "ಪೂರಾ ಹೋತವಾ, ಮಲ್ಲಿಗಿ ಆಗೀದಿ," ಅಂದಳು. ಅವಳೂ ಮೆಣಸಿನಕಾಯಿಯವಳೇ, ಅವಳ ಮೂಗೂ ನನ್ನಂಥದ್ದೇ. ಅದು ಇಬ್ಬರಿಗೂ ಹೊಳೆಯಲಿಲ್ಲ.

ಬಸ್ಸು ಮೋಟೆಬೆನ್ನೂರು ದಾಟುವಾಗ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಡೀಸೆಲ್ ಹೊಗೆ ಇರಬೇಕು ಅಂದುಕೊಂಡೆ.

ಅಂಗಳದಲ್ಲಿ ನಾಸೀರ ನನ್ನನ್ನು ನೋಡಿ ಹತ್ತಿರ ಬಂದವನು ಸೀನಿದ. ಅವನ ಮುಖ ಸಣ್ಣದಾಯಿತು. "ಒಳಗ ಹೋಗು," ಅಂದ, ಬೇರೆ ಕಡೆ ನೋಡುತ್ತ.

ಅವ್ವ ಗಾದಿಯ ಮೇಲೆ ಮಲಗಿದ್ದಳು. ಕಣ್ಣುಗಳು ಪೊರೆ ಬಂದು ಪೂರಾ ಬೆಳ್ಳಗಾಗಿದ್ದವು. ನಾನು ಮಾತಿಲ್ಲದೆ ಪಕ್ಕ ಕುಳಿತೆ. ಯಾರು ಹತ್ತಿರ ಬಂದರೂ ಮೂಸುವುದು ನಮ್ಮವರ ರೂಢಿ. ಅವಳು ತಲೆ ಎತ್ತಿ ನನ್ನ ಕುತ್ತಿಗೆಯ ಕಡೆ ಮೂಗು ತಂದಳು. ಒಮ್ಮೆ ಎಳೆದುಕೊಂಡಳು. ಕೆಮ್ಮಿದಳು, ಕೆಮ್ಮುತ್ತಲೇ ಹಿಂದೆ ಸರಿದಳು.

"ಅಯ್ಯ, ಯಾರವಾ ನೀ? ಬ್ಯಾಡಗಿ ಕಡೆಯಾಕಿ ಏನು? ಏನ್ ಖಾರ ನಾರ್ತೀದಿ!"

ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಅಷ್ಟೇ, ನೋವಾಗಲಿಲ್ಲ. 'ಅವ್ವಾ' ಅಂದಿದ್ದರೆ ಧ್ವನಿ ಗುರುತು ಹಿಡಿಯುತ್ತಿದ್ದಳು. ಆದರೆ ಅದು ಲೆಕ್ಕಕ್ಕಿಲ್ಲ, ಅದರ ಮೇಲೆ ತನ್ನ ಹೊಟ್ಟೆಯ ಮಗಳನ್ನೇ ತನ್ನ ಮೂಗು ಹಿಡಿಯಲಿಲ್ಲ ಅನ್ನುವುದು ಸಾಯುವವಳಿಗೆ ತಿಳಿಯುತ್ತಿತ್ತು. ನಾಸೀರ ನನ್ನನ್ನು ನೋಡಿದ. ಬೇಡ ಅಂತ ತಲೆ ಅಲ್ಲಾಡಿಸಿದೆ.

"ಗಾದಿ ಹೊಲಿಸಾಕ ಬಂದಾಳವಾ," ಅಂದ ಅವನು. "ಆಕಿಗೆ ಮಾತು ಬರೂದಿಲ್ಲ."

"ಪಾಪ. ಬಿಸಿಲಾಗ ಬಂದಾಳ, ಚಾ ಕೊಡಪಾ."

ಚಹಾ ಕುಡಿದೆ. ಬಿಸಿ ಇತ್ತು, ಮತ್ತೇನೂ ತಿಳಿಯಲಿಲ್ಲ. ಅವ್ವ ತಡಕಾಡಿ ನನ್ನ ಮುಂಗೈ ಹಿಡಿದಳು.

"ನನ್ನ ಮಗಳೂ ನಿಮ್ಮ ಊರಾಗ ಅದಾಳವಾ, ತಾಜಬಿ ಅಂತ. ಮಂದಿ ಮಾತು ಕೇಳಿ ಹೊರಗ ಹಾಕಿದೆ. ಇವತ್ತ ಬರಾಕತ್ತಾಳ. ನೀ ಹೋಗೂ ಮುಂದ ಬಾಗಲಾ ಹಾಕಬ್ಯಾಡ. ಹಾಕಿದ್ದ ನೋಡಿದಳಂದ್ರ ಹಂಗ ತಿರುಗಿ ಹೋಗ್ತಾಳ, ಭಾಳ ಸಿಟ್ಟಿನಾಕಿ."

ಕೈ ಬಿಡಿಸಿಕೊಂಡು ಎದ್ದೆ. ಅಳು ಬರುತ್ತದೇನೋ ಅಂತ ಅಂಗಳದಲ್ಲಿ ಸ್ವಲ್ಪ ನಿಂತು ನೋಡಿದೆ, ಬರಲಿಲ್ಲ. ಬಾಗಿಲು ತೆರೆದೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.